ಲ್ಯಾಮಿನೇಶನ್ ಮಾಡಿಸಿದ ಖೋಖೋ ಸರ್ಟಿಫಿಕೇಟ್

ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹಾಕಿಸಲು ಕೊಟ್ಟಿದ್ದು ಹದಿನೈದು ರೂಪಾಯಿ. ಅದರಿಂದ ಹೋಗಿದ್ದು ಶಿವಮೊಗ್ಗದ ಕಾಲೇಜಿನ ಕ್ರೀಡಾ ಕೋಟಾದ ಸೀಟು. ಜೆರಾಕ್ಸ್ ಅಂಗಡಿಯಲ್ಲಿ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಆಗಷ್ಟೇ ಹತ್ತನೇ ತರಗತಿ ಮುಗಿದಿತ್ತು. ಮಾಚೇನಹಳ್ಳಿಯ ವರ್ಕ್‌ಶಾಪಿಗೆ ಅರ್ಧ ದಿನ ರಜೆ ಹಾಕಿ ಬಂದ ಅಪ್ಪ, ನನ್ನ ಖೋಖೋ ಸರ್ಟಿಫಿಕೇಟನ್ನು ಗಾಂಧಿ ಬಜಾರಿನಲ್ಲಿ ಲ್ಯಾಮಿನೇಶನ್ ಮಾಡಿಸಿದರು. ಇಪ್ಪತ್ತು ಕೇಳಿದವನನ್ನು ಹದಿನೈದಕ್ಕೆ ಇಳಿಸಿದವಳು ನಾನೇ. ಇನ್ನೂ ಬೆಚ್ಚಗಿದ್ದ ಅದನ್ನು ಅಪ್ಪ ಅಂಗಿಯ ತುದಿಯಿಂದ ಒರೆಸಿ, ಕಾಲೇಜಿನ ಪಿ.ಟಿ. ಮೇಷ್ಟ್ರ ಮುಂದಿಟ್ಟರು.

ಮೇಷ್ಟ್ರು ತಿರುಗಿಸಿ ನೋಡಿದರು. “ಹಿಂದುಗಡೆ ಶಿಕ್ಷಣ ಇಲಾಖೆ ಸೀಲ್ ಎಲ್ಲಿ?”

“ಈಗ್ಲೇ ಹಾಕಿಸ್ಕೊಂಡ್ ಬರ್ತೀನಿ ಸಾರ್,” ಅಂದರು ಅಪ್ಪ.

“ಪ್ಲಾಸ್ಟಿಕ್ ಮೇಲೆ ಯಾರು ಹಾಕ್ತಾರೆ ಮಾರಾಯ್ರೇ? ಫ್ರೇಮ್ ಹಾಕ್ಸಿದ್ರೆ ಗೋಡೆಗಾದ್ರೂ ಆಗ್ತಿತ್ತು. ಅರ್ಜಿ ಹಾಕೋಕೆ ಇವತ್ತೇ ಕೊನೇ ದಿನ.”

ಬಸ್ ಸ್ಟ್ಯಾಂಡಿನಲ್ಲಿ ಕೂತು ಅಪ್ಪ ಉಗುರಿನಿಂದ ಪ್ಲಾಸ್ಟಿಕ್ಕಿನ ಅಂಚು ಕಿತ್ತರು. ಅದರ ಜೊತೆ ನನ್ನ ಹೆಸರಿದ್ದ ಕಾಗದವೂ ಹರಿದು ಬಂತು. “ಹಾಳಾಗ್ದೇ ಇರ್ಲಿ ಅಂತ ಮಾಡಿಸ್ದೆ ಕಣೇ,” ಅಂದರು.

ಕಾಲೇಜಿನಲ್ಲೂ ಆಡುವ ಆಸೆಯಿದ್ದರೆ, ಪರೀಕ್ಷೆ ಮುಗಿದ ವಾರವೇ ಒರಿಜಿನಲ್ ಸರ್ಟಿಫಿಕೇಟ್ ಹಿಡಿದು ನೀವು ಸೇರಬೇಕೆಂದಿರುವ ಕಾಲೇಜಿನ ಪಿ.ಟಿ. ಮೇಷ್ಟ್ರನ್ನು ಕಾಣಿ. ಯಾವ ಸೀಲು, ಎಲ್ಲಿ, ಯಾವ ದಿನದೊಳಗೆ ಎಂದು ಅವರ ಕೈಯಲ್ಲೇ ಬರೆಸಿಕೊಳ್ಳಿ. ನಾಳೆ ಬಾ ಎಂದರೆ ಅಲ್ಲೇ ಕೂತಿರಿ.