ಗ್ರಹಣ ನೋಡಿದವಳು

ಕೂಸನ್ನು ಎದೆಗವಚಿಕೊಂಡು ನೀಲಗಂಗಮ್ಮ ಮನೆಯ ಹೊಸ್ತಿಲಲ್ಲಿ ಸೊಸೆ ಸುಕನ್ಯಾಳಿಗೆ ಅಡ್ಡ ನಿಂತಿದ್ದಳು. ಎರಡು ತಿಂಗಳ ಆ ಕೂಸಿನ ಕಣ್ಣಿನ ಕರಿಗುಡ್ಡೆಗಳ ಮೇಲೆ ಹುಟ್ಟಿನಿಂದಲೇ ಮಜ್ಜಿಗೆಯಂಥ ಬಿಳುಪು. ತಡವಾದರೆ ಆಪರೇಷನ್ ಮಾಡಿಯೂ ನೋಟ ಬರುವುದಿಲ್ಲ ಎಂದಿದ್ದರು ಡಾಕ್ಟರು. ಹಿರೇಹಡಗಲಿಯ ಸ್ಟ್ಯಾಂಡಿನಲ್ಲಿ, ಆಸ್ಪತ್ರೆಗೆ ಹೋಗಲು ಹಿಡಿಯಬೇಕಿದ್ದ ಹುಬ್ಬಳ್ಳಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

"ನಮ್ಮ ವಂಶದಾಗ ಇಂಥ ಕಣ್ಣಿಲ್ಲ. ಬಸುರಾಗ ಗ್ರಹಣ ನೋಡೀನಿ ಅಂತ ಒಪ್ಪಿಕೋ, ಆಮ್ಯಾಲೆ ಎಲ್ಲಿಗರ ಹೋಗು."

ದೀಪಾವಳಿಯ ಗ್ರಹಣದ ದಿನ ಸುಕನ್ಯಾಳನ್ನು ಕತ್ತಲೆ ಕೋಣೆಯಲ್ಲಿ ಕೂಡಿಹಾಕಿ, ಹೊರಗಿನಿಂದ ಅಗುಳಿ ಹಾಕಿದ್ದವಳು ಇದೇ ಅತ್ತೆ. ಎರಡು ತಿಂಗಳಿಂದ ಸುಕನ್ಯಾ ಅದನ್ನೇ ಹೇಳಿ ಜಗಳಾಡಿದ್ದಳು.

ಈಗ ಸೆರಗು ಸಿಕ್ಕಿಸಿಕೊಂಡು ಕೈ ಚಾಚಿದಳು. "ಹೂಂ ರೀ ಅತ್ತಿ, ನೋಡೀನಿ. ಕಣ್ತುಂಬ ನೋಡೀನಿ. ಊರಿಗೆಲ್ಲ ಹೇಳ್ರಿ. ಕೂಸಿನ ಕೊಡ್ರಿ."

ಕೂಸು ಕೈಗೆ ಬಂದದ್ದೇ, ಚಪ್ಪಲಿ ಮೆಟ್ಟದೆ ಬಸ್ಸಿನತ್ತ ಓಡಿದಳು.