ಬ್ಯಾಕಪ್‌ಗೆ ಸೇರದ ದನಿ

"ಸಿಕ್ತೇನಮ್ಮಾ, ಇವರ ದನಿ?" ಎಂದು ಮೇಷ್ಟರ ಹೆಂಡತಿ ಕೇಳಿದಾಗ, ಆಸ್ಪತ್ರೆಯ ಕ್ಲೌಡ್ ಸರ್ವರ್‌ಗಳನ್ನು ನೋಡಿಕೊಳ್ಳುವ ಇಂಜಿನಿಯರ್ ತೆರೆಯಿಂದ ಕಣ್ಣು ಕೀಳಲಿಲ್ಲ. ಗಂಟಲಿನ ಆಪರೇಷನ್ನಿಗೆ ಮುಂಚೆ ಮೇಷ್ಟರು ಮೊಮ್ಮಗಳಿಗೆಂದು ಹನ್ನೊಂದು ಕಥೆ ಹೇಳಿ, ಇಲ್ಲೇ ರೆಕಾರ್ಡ್ ಮಾಡಿಸಿದ್ದರು. ಈಗ ದನಿ ಕಳೆದುಕೊಂಡು ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಮೊನ್ನೆ ಸರ್ವರ್ ಕೈಕೊಟ್ಟಾಗ ಬ್ಯಾಕಪ್‌ನಿಂದ ವರದಿ, ಎಕ್ಸ್‌ರೇ ಎಲ್ಲವೂ ವಾಪಸು ಬಂದಿದ್ದವು. ರೆಕಾರ್ಡಿಂಗ್‌ಗಳ ಡಿಸ್ಕ್ ಮಾತ್ರ ಬರಲಿಲ್ಲ.

ಬರುವುದಾದರೂ ಹೇಗೆ? ಬ್ಯಾಕಪ್ ಹೊಂದಿಸಿದ ದಿನ ಜಾಗ ಸಾಲದೆ, 'ಹಳೇ ರೆಕಾರ್ಡಿಂಗು, ಯಾರು ಕೇಳ್ತಾರೆ' ಎಂದು ಆ ಡಿಸ್ಕಿನ ಮುಂದಿದ್ದ ಟಿಕ್ ಗುರುತನ್ನು ತೆಗೆದವಳು ಅವಳೇ. ಇನ್ನಷ್ಟು ಜಾಗ ಬೇಕೆಂದು ಮೇಲಿನವರಿಗೆ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಊಟಕ್ಕೆ ಹೊತ್ತಾಗಿತ್ತು, ಬರೆಯಲಿಲ್ಲ.

"ಇಲ್ಲಮ್ಮ, ಹೋಗಿಬಿಟ್ಟಿದೆ," ಎನ್ನುವಷ್ಟರಲ್ಲಿ ಅವಳ ಕಣ್ಣು ತುಂಬಿತು.

ಮೇಷ್ಟರ ಹೆಂಡತಿ ಅವಳ ಕೈ ಹಿಡಿದುಕೊಂಡರು. "ಅಳಬೇಡ ಮಗಳೇ. ಮಷೀನು ಕೆಟ್ಟರೆ ನೀನೇನು ಮಾಡ್ತೀಯ?"

ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. "ಮಷೀನಲ್ಲಮ್ಮ," ಎಂದಳು. "ಇದನ್ನ ಉಳಿಸೋದು ಬೇಡ ಅಂತ ಬಿಟ್ಟವಳು ನಾನೇ."

ಹಿಡಿದ ಕೈ ಮೆಲ್ಲಗೆ ಸಡಿಲವಾಯಿತು. ಮೇಷ್ಟರು ಅವಳತ್ತ ತಿರುಗಿ ಏನೋ ಹೇಳಿದರು. ತುಟಿಗಳಷ್ಟೇ ಅಲುಗಿದವು. ಬೈದರೋ, ಸಮಾಧಾನ ಹೇಳಿದರೋ, ಅವಳಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿ ಎನ್ನುವ ಧೈರ್ಯವೂ ಬರಲಿಲ್ಲ.