ಬಸರಾದಿಂದ ಬಂದ ಕರಡಿಗೆ

ಕುಲಕರ್ಣಿ ವೆಂಕೋಬರಾಯರು ಸರಕಾರದ ಗಂಟಿನ ಅರಗು ಒಡೆದು, ದೂರದ ಬಸರಾದ ಯುದ್ಧದಲ್ಲಿ ಸತ್ತ ಹೊಳಬಸಪ್ಪನ ಸಾಮಾನುಗಳನ್ನು ಅವನ ತಾಯಿಯ ಮುಂದೆ ಕಟ್ಟೆಯ ಮೇಲೆ ಇಟ್ಟರು. ಒಂದು ಅಂಗಿ, ಒಂದು ಬಾಚಣಿಗೆ, ಕೊನೆಗೆ ಅವನ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ.

“ನೋಡ ಗುರುಸಿದ್ದವ್ವ, ಅಸಲ ಬೆಳ್ಳಿ ಅದ. ಬಸರಾದಿಂದ ಸಮುದ್ರ ದಾಟಿ ಬೇವೂರಿಗೆ ಬಂದದ, ಒಬ್ಬನರೆ ಕೈ ಹಚ್ಚ್ಯಾನೇನು? ಸರಕಾರ ಅಂದ್ರ ಹಿಂಗಿರಬೇಕು!” ಎಂದರು. ಕೂಡಿದ್ದ ಮಂದಿ ತಲೆಯಾಡಿಸಿದರು.

ಮಗ ಸತ್ತ ಸುದ್ದಿ ಬಂದ ದಿನ ಗುರುಸಿದ್ದವ್ವ ಕೇಳಿದ್ದು ಒಂದೇ ಮಾತು: “ಮಣ್ಣ ಹೆಂಗ ಕೊಟ್ರಂತ್ರಿ?” ‘ಅವನ ಧರ್ಮದ ಪ್ರಕಾರ’ ಎಂದು ಕಾಗದದಲ್ಲಿ ಬರೆದದ್ದನ್ನು ರಾಯರೇ ಓದಿ ಹೇಳಿದ್ದರು. ಲಿಂಗವಂತರಲ್ಲಿ ಸತ್ತವರನ್ನು ಕೂರಿಸಿ, ಅವರ ಲಿಂಗವನ್ನು ಅವರ ಅಂಗೈಯಲ್ಲಿಟ್ಟೇ ಮಣ್ಣು ಮಾಡುತ್ತಾರೆ. ಮಗನಿಗೂ ಹಾಗೆಯೇ ಆಗಿರಬೇಕೆಂದು ನಂಬಿ ಅವಳು ಮೂರು ತಿಂಗಳು ತುತ್ತು ನುಂಗಿದ್ದಳು.

ಈಗ ಕರಡಿಗೆಯ ಮುಚ್ಚಳ ತೆಗೆದಳು. ಲಿಂಗ ಒಳಗೇ ಇತ್ತು. ಅದಕ್ಕೆ ಅವನು ಹಚ್ಚಿದ ವಿಭೂತಿಯೂ ಒಣಗಿ ಹಾಗೇ ಉಳಿದಿತ್ತು.

“ರಾಯರ, ಲಿಂಗ ಇಲ್ಲೇ ಐತಲ್ರಿ. ಹಂಗಾದ್ರ ನನ್ನ ಮಗನ ಕೈಯಾಗ ಏನ ಇಟ್ಟು ಮಣ್ಣ ಕೊಟ್ರಂತ್ರಿ?”

ರಾಯರು ಗಂಟಿನ ಸಂಗಡ ಬಂದ ಕಾಗದವನ್ನು ತಿರುವಿ ನೋಡಿದರು. ಹಿಂದೆ ಏನೂ ಬರೆದಿರಲಿಲ್ಲ. ಮೆಲ್ಲಗೆ ಅದನ್ನೂ ಮಸಿಯನ್ನೂ ಅವಳ ಮುಂದೆ ಸರಿಸಿ, “ಎಲ್ಲಾ ಬಂತು ಅಂತ ಒಂದು ಹೆಬ್ಬೆಟ್ಟು ಒತ್ತಿಬಿಡವ್ವಾ” ಎಂದರು.

ಗುರುಸಿದ್ದವ್ವ ಲಿಂಗವನ್ನು ಅಂಗೈಗೆ ತೆಗೆದುಕೊಂಡು, ಹೆಬ್ಬೆರಳನ್ನೂ ಒಳಗೆ ಮಡಚಿ ಮುಷ್ಟಿ ಕಟ್ಟಿದಳು.